ಗುಳಿಗೆ ನುಂಗುವ ಹೊತ್ತು

ನಮ್ಮ ಅಡಿಗೆಯ ಮನೆಯ ಗೂಡಿನಲ್ಲಿ, ಹಿಂದೆ ನಮ್ಮ ತಾಯಿಯವರು ಜಾಯಿಕಾಯಿ, ಬಜೆ, ಅಳಲೆಕಾಯಿಗಳ ಡಬ್ಬಿಯನ್ನಿಡುತ್ತಿದ್ದ ಸ್ಥಳದಲ್ಲಿ, ಈಗ ಏಳು ಖಾನೆಗಳುಳ್ಳ ಒಂದು ಪ್ಲಾಸ್ಟಿಕ್ ಡಬ್ಬಿಯಿದೆ. ಒಂದೊಂದು ಖಾನೆಯ ಮೇಲೂ ಒಂದೊಂದು ವಾರದ ಹೆಸರು ಬರೆದಿದೆ. ಒಳಗಿರುವ ಗುಳಿಗೆಗಳು ನಮ್ಮವು. ರಕ್ತದ ಒತ್ತಡಕ್ಕಾಗಿ ವೈದ್ಯರು ಬರೆದುಕೊಟ್ಟವು. ಎರಡು ಗುಳಿಗೆಗಳನ್ನು ಒಂದು ಗುಟುಕು ನೀರಿನೊಡನೆ ನುಂಗುವುದು ಎಷ್ಟು ಹೊತ್ತಿನ ಕೆಲಸ? ಆದರೆ ಆ ಕೆಲಸವನ್ನು ಯಾವ ಹೊತ್ತಿನಲ್ಲಿ ಮಾಡತಕ್ಕದ್ದೆಂಬ ಪ್ರಶ್ನೆಯು ನಮ್ಮನ್ನು ಮೂರು ವರುಷಗಳ ಕಾಲ ಕಾಡಿತು. ನಮ್ಮನ್ನು ಕಾಡಿದ್ದರೆ ಚಿಂತೆಯಿರಲಿಲ್ಲ. ನಮ್ಮ ಬಾಯಿಯ ದೆಸೆಯಿಂದ, ಏನೊಂದು ತಪ್ಪನ್ನೂ ಮಾಡದ ಇನ್ನೊಬ್ಬರನ್ನೂ ಕಾಡಿತು. ಆ ಸಂಗತಿಯನ್ನು ಬರೆಯದೆ ಈ ವಿಷಯವನ್ನು ಬರೆಯುವುದು ಸಾಧ್ಯವಿಲ್ಲವಾದ್ದರಿಂದ ಎರಡನ್ನೂ ಕೂಡಿಯೇ ಬರೆಯುತ್ತೇವೆ.

ಮೊದಲು ನಮ್ಮ ದೇಹದ ವಿಷಯ. ನಮ್ಮ ಎತ್ತರ 5 ಅಡಿ 5 ಅಂಗುಲ. ಈ ಕಥೆಯು ಆರಂಭವಾಗುವಾಗ ನಮ್ಮ ತೂಕ 96 ಕಿಲೋಗ್ರಾಂ. ನಮ್ಮ ಬಾಲ್ಯದಲ್ಲಿ ಮೈತುಂಬಿಕೊಂಡ ಗಂಡಸನ್ನು ಕಂಡರೆ ಜನ ಎದ್ದು ನಿಂತು ಜಾಗ ಕೊಡುತ್ತಿದ್ದರು. ಹೊಟ್ಟೆಯು ಯಜಮಾನಿಕೆಯ ಲಕ್ಷಣವಾಗಿದ್ದಿತು. ಈಗಲಾದರೋ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕವನ್ನು ತೆಗೆಯುತ್ತಾರೆ. ಪಶ್ಚಿಮದ ದೇಶಗಳಲ್ಲಿ ಆ ಅಂಕವು 30ನ್ನು ಮುಟ್ಟಿದರೆ ಸ್ಥೂಲಕಾಯವೆನ್ನುವರು. ನಮ್ಮ ದೇಶದವರಿಗೆ ಅಷ್ಟು ಕೊಬ್ಬು ಸೇರುವುದಕ್ಕೆ ಮೊದಲೇ ಮಧುಮೇಹ, ರಕ್ತದ ಒತ್ತಡಗಳು ತಲೆಹಾಕುವುದರಿಂದ ನಮ್ಮ ವೈದ್ಯರು 25ಕ್ಕೇ ಗೆರೆಯನ್ನೆಳೆದಿದ್ದಾರೆ. ನಮ್ಮ ಅಂಕ 35. ಎರಡು ಗೆರೆಗಳನ್ನೂ ನಾವು ನಿರಾಯಾಸವಾಗಿ ದಾಟಿದ್ದೆವು.

2015ನೆಯ ಇಸವಿಯಲ್ಲಿ ಮೊದಲ ಸಲ ಒತ್ತಡವನ್ನು ಅಳೆಯಿಸಿದೆವು. ಆ ವೈದ್ಯಶಾಲೆಯಲ್ಲಿದ್ದ ತೋಳುಪಟ್ಟಿಯು ನಮ್ಮ ತೋಳಿಗೆ ಸಾಲದೆ, ಗಾಳಿಯೂದುತ್ತಿದ್ದಂತೆಯೇ ಚರ್ರೆಂದು ಬಿಚ್ಚಿಕೊಂಡಿತು. ಮೂರನೆಯ ಪ್ರಯತ್ನಕ್ಕೆ ಅಲ್ಲಿಯ ಹುಡುಗನು ಅದನ್ನು ಎರಡು ಕೈಯಿಂದಲೂ ಅದುಮಿ ಹಿಡಿದು 176 ಎಂದು ಓದಿದನು. ಒಂದೇ ದಿನ ಎರಡು ಬಗೆಯ ಗುಳಿಗೆಗಳಾದುವು. ಒಂದು ವಾರದಲ್ಲಿ, ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲೆಯಿಡುವ ಸ್ಥಿತಿಯಾಯಿತು. ಬೇರೊಬ್ಬ ವೈದ್ಯರು ದೊಡ್ಡ ಪಟ್ಟಿಯನ್ನು ತರಿಸಿ ಅಳೆದು, ಅಷ್ಟೊಂದು ಔಷಧ ಬೇಕಿಲ್ಲವೆಂದು ಒಂದನ್ನು ನಿಲ್ಲಿಸಿದರು. ಇದು ಹೊಸ ತೊಂದರೆಯೇನೂ ಅಲ್ಲ. ತೋಳಿಗೆ ಪಟ್ಟಿಯನ್ನು ಸುತ್ತಿ ಒತ್ತಡವನ್ನು ಅಳೆಯುವ ಉಪಾಯವನ್ನು 1896ರಲ್ಲಿ ತೋರಿಸಿಕೊಟ್ಟ ಇಟಲಿಯ ರಿವಾ-ರೋಚ್ಚಿಯವರ ಪಟ್ಟಿಯು ತೀರ ಕಿರಿದಾಗಿದ್ದು, ಇರುವುದಕ್ಕಿಂತ ಹೆಚ್ಚನ್ನು ತೋರಿಸುತ್ತಿತ್ತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್‌ರವರು ಅದನ್ನು ಅಗಲಮಾಡಿದರು. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರ ತೋಳಿಗೆ ಸಾಮಾನ್ಯ ಪಟ್ಟಿಯನ್ನು ಸುತ್ತಿದರೆ ಮೇಲಿನ ಅಂಕವು ಸರಾಸರಿ 19.5 ಮಿಲಿಮೀಟರು ಹೆಚ್ಚಾಗಿ ಬರುವುದೆಂದು ಕಂಡುಬಂದಿತು. ನಮ್ಮ ಹಾಗೆ ತೋರದ ತೋಳುಳ್ಳ ವಾಚಕರು ಗುಳಿಗೆಯ ಹೊತ್ತನ್ನು ವಿಚಾರಿಸುವುದಕ್ಕೆ ಮುಂಚೆ ಪಟ್ಟಿಯ ಅಳತೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಅಣ್ಣನ ವಿಷಯಕ್ಕೆ ಬರುತ್ತೇವೆ. ನಮ್ಮ ಅಣ್ಣನೂ ನಮ್ಮಂತೆಯೇ ಸ್ಥೂಲದೇಹಿ. ವಂಶದಲ್ಲಿ ಬಂದ ಆಸ್ತಿಯು ಇದೊಂದೇ. ನಂಜನಗೂಡಿನಲ್ಲಿ ಅವನ ಮನೆ. ದಿನವೂ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಅತ್ತಿಗೆಯವರು ಕಾಫಿಯ ಲೋಟದ ಪಕ್ಕದಲ್ಲಿ, ಬಟ್ಟಲಿನ ಮುಚ್ಚಳದೊಳಗೆ, ಅವನ ಗುಳಿಗೆಯನ್ನಿಡುತ್ತಿದ್ದರು. 2018ರ ಮಾರ್ಗಶಿರ ಮಾಸದ ಒಂದು ಬೆಳಗಿನ ಜಾವ, ಐದೂವರೆಯ ಹೊತ್ತಿಗೆ, ಅಣ್ಣನು ಮುಖ ತೊಳೆಯಲು ಎದ್ದವನು ಬಚ್ಚಲುಮನೆಯ ಬಾಗಿಲಲ್ಲಿ ಕುಸಿದನು. ಪಾರ್ಶ್ವವಾಯು. ಮಧ್ಯಾಹ್ನದೊಳಗೆ ಎಲ್ಲವೂ ಮುಗಿದಿತ್ತು. ಆ ದಿನದ ಗುಳಿಗೆಯು ಮುಚ್ಚಳದಲ್ಲಿ ಹಾಗೆಯೇ ಇದ್ದುದನ್ನು ನಾವು ಕಣ್ಣಾರೆ ಕಂಡೆವು.

ಮುಂದಿನ ವರುಷದ ಅಕ್ಟೋಬರಿನಲ್ಲಿ ಸ್ಪೇನ್ ದೇಶದಿಂದ ಒಂದು ಸುದ್ದಿ ಬಂದಿತು. ಅಲ್ಲಿ 19,084 ಜನ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಬೆಳಿಗ್ಗೆ ಎದ್ದೊಡನೆಯೂ ಇನ್ನೊಂದು ಪಾಲಿನವರಿಗೆ ಮಲಗುವಾಗಲೂ ಗುಳಿಗೆಗಳನ್ನು ಕೊಟ್ಟು ಆರು ವರುಷಗಳಿಗೂ ಹೆಚ್ಚು ಕಾಲ ನೋಡಿದರಂತೆ. ಮಲಗುವಾಗ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದುವು ಶೇಕಡ 45ರಷ್ಟು ಕಡಿಮೆಯಾದುವಂತೆ. ಈ ಸಮಾಚಾರವು ಪತ್ರಿಕೆಗಳಲ್ಲಿಯೂ, ಮೊಬೈಲಿನಲ್ಲಿಯೂ, ವಾಯುವಿಹಾರದ ಸ್ನೇಹಿತರ ಬಾಯಲ್ಲಿಯೂ ಹರಿದಾಡಿತು. ಇದರ ಹಿಂದೆ ಒಪ್ಪತಕ್ಕ ಯುಕ್ತಿಯೂ ಇದ್ದಿತು. ಮನುಷ್ಯನ ರಕ್ತದ ಒತ್ತಡವು ಹಗಲಿರುಳೂ ಒಂದೇ ಸಮನಾಗಿರುವುದಿಲ್ಲ. ಆರೋಗ್ಯವಂತನು ನಿದ್ರಿಸಿದಾಗ ಅದು ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಏಳುವ ಹೊತ್ತಿಗೆ ಮರಳಿ ಏರುತ್ತದೆ. ಹೃದಯಾಘಾತಗಳೂ ಪಾರ್ಶ್ವವಾಯುಗಳೂ ಬೆಳಗಿನ ವೇಳೆಯಲ್ಲಿಯೇ ಹೆಚ್ಚೆಂಬುದು ಹಳೆಯ ಮಾತು. ಹಾಗಾದಮೇಲೆ ರಾತ್ರಿಯೇ ಗುಳಿಗೆಯನ್ನು ನುಂಗಿ, ಬೆಳಗಿನ ಶತ್ರುವಿಗೆ ಬಾಗಿಲಲ್ಲಿಯೇ ಕಾವಲಿಡುವುದು ಜಾಣತನವಲ್ಲವೇ?

ಓದಿದ ಕೂಡಲೆ ನಮಗೆ ನೆನಪಾದುದು ಬಟ್ಟಲಿನ ಮುಚ್ಚಳದಲ್ಲಿ ಉಳಿದಿದ್ದ ಆ ಗುಳಿಗೆ. ಅಣ್ಣನ ವರ್ಷಾಬ್ದಿಕದ ದಿನ ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ನಾಲ್ಕು ಜನ ನೆಂಟರ ಮುಂದೆ, ಈ ಸ್ಪೇನಿನ ವೃತ್ತಾಂತವನ್ನೆಲ್ಲ ಪಾಂಡಿತ್ಯದಿಂದ ವರ್ಣಿಸಿ, "ರಾತ್ರಿ ಕೊಟ್ಟಿದ್ದರೆ ಅಣ್ಣ ಉಳಿಯುತ್ತಿದ್ದನೇನೋ" ಎಂದುಬಿಟ್ಟೆವು. ಅತ್ತಿಗೆಯವರು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಏನನ್ನೂ ಹೇಳಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಒಳಕ್ಕೆ ಹೋದರು. ಮರಳಿ ಬರುವಾಗ ರೈಲಿನಲ್ಲಿ ನಮ್ಮ ಮನೆಯಾಕೆ, "ಗುಳಿಗೆ ಕೊಟ್ಟವರು ಯಾರು ಅನ್ನೋದು ನಿಮಗೆ ನೆನಪಿರಲಿಲ್ಲವೇ?" ಎಂದು ಕೇಳಿದರು. ನಿಜವಾಗಿಯೂ ನೆನಪಿರಲಿಲ್ಲ. ನೆನಪಾದಮೇಲೆ, ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ದಾರಿಯು ತೋರಲಿಲ್ಲ. ಏಕೆಂದರೆ ಅದು ನಿಜವೆಂದೇ ಆಗ ನಂಬಿದ್ದೆವು.

ಅಂದಿನಿಂದ ವೈದ್ಯರನ್ನು ಕೇಳದೆಯೇ ನಮ್ಮ ಗುಳಿಗೆಗಳನ್ನೆಲ್ಲ ರಾತ್ರಿಗೆ ಬದಲಾಯಿಸಿದೆವು. ಈ ವೇಳೆಗೆ ತೂಕದೊಡನೆ ಒತ್ತಡವೂ ಏರಿ, ಮತ್ತೆ ಎರಡು ಗುಳಿಗೆಗಳಾಗಿದ್ದುವು: ಒಂದು ರಕ್ತನಾಳಗಳನ್ನು ಸಡಿಲಿಸುವ ಆಮ್ಲೋಡಿಪಿನ್, ಇನ್ನೊಂದು ಉಪ್ಪನ್ನೂ ನೀರನ್ನೂ ಮೂತ್ರದ ಮೂಲಕ ಹೊರಗೆ ಹಾಕಿಸುವಂಥದು. ಈ ಎರಡನೆಯ ಗುಳಿಗೆಯನ್ನು ರಾತ್ರಿ ಹತ್ತಕ್ಕೆ ನುಂಗಿದವನ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಬಚ್ಚಲುಮನೆಯ ಯಾತ್ರೆ. 2021ರ ಮಳೆಗಾಲದ ಒಂದು ರಾತ್ರಿ ವಿದ್ಯುತ್ತಿಲ್ಲದಾಗ ನೀರಿನ ಮೇಲೆ ಕಾಲು ಜಾರಿ, 96 ಕಿಲೋ ಭಾರವೂ ಎಡ ಮುಂಗೈಯ ಮೇಲೆ ಬಿದ್ದಿತು. ಮೂಳೆ ಮುರಿಯಿತು. ಅಣ್ಣನು ಬಿದ್ದಂತೆಯೇ ನಾವೂ ಬಿದ್ದೆವೆಂದು ನಮ್ಮ ಮನೆಯಾಕೆ ಕತ್ತಲೆಯಲ್ಲಿ ಕೂಗಿಕೊಂಡ ಕೂಗು ಇಂದಿಗೂ ನಮ್ಮ ಕಿವಿಯಲ್ಲಿದೆ.

ಆಮೇಲೆ ಕಂಡ ವೈದ್ಯೆಯು ನಮ್ಮ ಮಗಳ ವಯಸ್ಸಿನವರು, ಮಾತು ಕಡಿಮೆ. ಯಾರ ಅಪ್ಪಣೆಯಿಂದ ಹೊತ್ತನ್ನು ಬದಲಾಯಿಸಿದಿರೆಂದು ಕೇಳಿದರು. ಸ್ಪೇನಿನ ಕಥೆಯನ್ನು ಹೇಳಿದೆವು. "ಆ ಪರೀಕ್ಷೆ ನಡೆದ ರೀತಿಯ ಬಗ್ಗೆ ಬಲ್ಲವರಿಗೆ ಅನುಮಾನಗಳಿವೆ, ಸಾರ್. ಬರಿಯ ಹೊತ್ತನ್ನು ಬದಲಾಯಿಸಿದ್ದರಿಂದ ಇಷ್ಟು ಲಾಭ ಬರುವುದಾದರೆ, ಗುಳಿಗೆಗಿಂತ ಗಡಿಯಾರವೇ ದೊಡ್ಡ ಔಷಧವಾಯಿತು. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಒಂದು ದೊಡ್ಡ ಪರೀಕ್ಷೆ ನಡೆಯುತ್ತಿದೆ; ಅದು ಬರಲಿ" ಎಂದರು. ನೀರಿನ ಗುಳಿಗೆಯನ್ನು ಬೆಳಿಗ್ಗೆಗೆ ಸಾಗಿಸಿದರು. ಆಮ್ಲೋಡಿಪಿನ್ನಿನ ವಿಷಯದಲ್ಲಿ ಹೊತ್ತಿನ ಚಿಂತೆಯೇ ಬೇಡವೆಂದರು. ಅದು ದೇಹದಲ್ಲಿ ಅರ್ಧಕ್ಕೆ ಇಳಿಯಬೇಕಾದರೆ 30ರಿಂದ 50 ಗಂಟೆಗಳು ಬೇಕಂತೆ. ದಿನವೂ ತಪ್ಪದೆ ತೆಗೆದುಕೊಳ್ಳುವವನ ರಕ್ತದಲ್ಲಿ ಅದು ಹಗಲೂ ಇರುತ್ತದೆ, ಇರುಳೂ ಇರುತ್ತದೆ. ಬೆಳಿಗ್ಗೆ ನುಂಗಿದ್ದು ಮರುದಿನದ ಜಾವದಲ್ಲಿಯೂ ಕಾವಲಿನಲ್ಲಿಯೇ ಇರುತ್ತದೆಂದಾಯಿತು. ಇಷ್ಟು ಸರಳವಾದ ಸಂಗತಿಯನ್ನು ನಾವು ಎರಡು ವರುಷ ಮೊದಲೇ ಒಬ್ಬರನ್ನು ಕೇಳಿ ತಿಳಿದುಕೊಳ್ಳಬಹುದಾಗಿದ್ದಿತು.

ಆದರೆ ಆಕೆ ನಮ್ಮ ಪ್ರಶ್ನೆಯನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. "ನಿಮ್ಮಂಥ ದೇಹದವರಲ್ಲಿ ರಾತ್ರಿಯ ಒತ್ತಡ ಏನು ಮಾಡುತ್ತಿದೆ ಎಂದು ನೋಡಲೇಬೇಕು" ಎಂದು, ಇಪ್ಪತ್ತನಾಲ್ಕು ಗಂಟೆಯೂ ಒತ್ತಡವನ್ನು ತಾನೇ ಅಳೆದು ಬರೆದಿಟ್ಟುಕೊಳ್ಳುವ ಒಂದು ಯಂತ್ರವನ್ನು ಸೊಂಟಕ್ಕೆ ಕಟ್ಟಿದರು. ಹಗಲು ಇಪ್ಪತ್ತು ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ಅದು ಗುರ್ರೆಂದು ತೋಳನ್ನು ಬಿಗಿಹಿಡಿಯುವುದು. ಮೊದಲ ಸಲ ಅದು ಸದ್ದುಮಾಡಿದಾಗ ನಮ್ಮ ಮನೆಯಾಕೆ ಬೆಕ್ಕು ಒಳಗೆ ಬಂದಿತೆಂದು ದೀಪ ಹಾಕಿದರು. ಮರುದಿನ ಬಂದ ಲೆಕ್ಕವನ್ನು ನೋಡಿದರೆ, ಹಗಲಿನ ಸರಾಸರಿ 141, ನಿದ್ರೆಯ ಸರಾಸರಿ 139. ರಾತ್ರಿಯ ಮಿತಿ 120. ಎಂದರೆ, ಊರೆಲ್ಲ ಮಲಗಿದ ಹೊತ್ತಿನಲ್ಲಿ ನಮ್ಮ ಧಮನಿಗಳು ಮಾತ್ರ ಪೇಟೆಯ ಮಧ್ಯಾಹ್ನದಂತೆ ದುಡಿಯುತ್ತಿದ್ದುವು.

ಸ್ಥೂಲದೇಹಿಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಕೊಬ್ಬೆಂದರೆ ಸುಮ್ಮನೆ ಬಿದ್ದಿರುವ ಹೊರೆಯೆಂದು ನಾವು ಎಣಿಸಿದ್ದೆವು. ಅದು ಹಾಗಲ್ಲವಂತೆ. ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ಒಂದು ರಸವನ್ನು ಸುರಿಸಿ, ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳನ್ನು ಸದಾ ಎಚ್ಚರವಾಗಿರಿಸುತ್ತವೆ. ಒತ್ತಡವನ್ನು ಏರಿಸುವ ಆಂಜಿಯೋಟೆನ್ಸಿನ್ ಎಂಬುದಕ್ಕೆ ಬೇಕಾದ ಮೂಲದ್ರವ್ಯವನ್ನೂ ಒದಗಿಸುತ್ತವೆ. ಹೊಟ್ಟೆಯೊಳಗಿನ ಕೊಬ್ಬು ಮೂತ್ರಪಿಂಡಗಳನ್ನು ಸುತ್ತಿ ಅದುಮುವುದರಿಂದ ಅವು ಉಪ್ಪನ್ನು ಹೊರಹಾಕದೆ ಹಿಡಿದುಕೊಳ್ಳುತ್ತವೆ. ಹಗಲಿನಲ್ಲಿ ತಿಂದ ಹಪ್ಪಳ ಉಪ್ಪಿನಕಾಯಿಗಳ ಲೆಕ್ಕವು ಹಗಲಿನಲ್ಲಿ ತೀರದೆ ರಾತ್ರಿಗೆ ಬಾಕಿ ಬೀಳುತ್ತದೆ. ಆ ಬಾಕಿಯನ್ನು ತೀರಿಸಲು ದೇಹವು ರಾತ್ರಿಯೂ ಒತ್ತಡವನ್ನು ಇಳಿಸದೆ ಮೂತ್ರಪಿಂಡಗಳಿಗೆ ರಕ್ತವನ್ನು ನೂಕುತ್ತದೆ. ಇವೆಲ್ಲಕ್ಕಿಂತಲೂ ನಮ್ಮ ವಿಷಯದಲ್ಲಿ ಮುಖ್ಯವಾದುದು ಗೊರಕೆ. ನಮ್ಮ ಗೊರಕೆಯು ಬಂಧುವರ್ಗದಲ್ಲೆಲ್ಲ ಹೆಸರುವಾಸಿ. ಮದುವೆಯ ಮನೆಗಳಲ್ಲಿ ನಮಗೆ ಬೇರೆ ಕೋಣೆಯನ್ನು ಕೊಡುವ ಪದ್ಧತಿಯುಂಟು. ಅದನ್ನು ಮರ್ಯಾದೆಯೆಂದೇ ಬಹಳ ದಿನ ತಿಳಿದಿದ್ದೆವು. ನಿದ್ರೆಯನ್ನು ಪರೀಕ್ಷಿಸಿದಾಗ, ಗೊರಕೆಯ ನಡುವೆ ಕತ್ತಿನ ಕೊಬ್ಬು ಉಸಿರಿನ ದಾರಿಯನ್ನು ಮುಚ್ಚಿ, ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತಿದ್ದುದು ತಿಳಿಯಿತು. ಹಾಗೆ ಕಟ್ಟಿದಾಗಲೆಲ್ಲ ದೇಹವು ಬೆಚ್ಚಿಬಿದ್ದು ಒತ್ತಡವನ್ನೇರಿಸುವುದು. ಇಂಥವನು ಗುಳಿಗೆಯನ್ನು ಬೆಳಿಗ್ಗೆ ನುಂಗಲೋ ರಾತ್ರಿ ನುಂಗಲೋ ಎಂದು ತಲೆಕೆಡಿಸಿಕೊಳ್ಳುವುದು, ಸೂರು ಸೋರುತ್ತಿರುವಾಗ ಪಾತ್ರೆಯನ್ನು ಎಲ್ಲಿಡಲೆಂದು ಚರ್ಚಿಸಿದಂತಾಯಿತು. ಮೂಗಿಗೆ ಕಟ್ಟಿಕೊಂಡು ಗಾಳಿಯೂದಿಸಿಕೊಳ್ಳುವ ಯಂತ್ರವೊಂದು ಮನೆಗೆ ಬಂದಿತು. ಅದನ್ನು ಕಟ್ಟಿಕೊಂಡ ನಮ್ಮ ರೂಪವನ್ನು ಕಂಡು ಮೊಮ್ಮಗನು ಮೊದಲ ರಾತ್ರಿ ಅತ್ತನು. ಎರಡನೆಯ ರಾತ್ರಿ ಗಣಪತಿಯೆಂದು ಕೈಮುಗಿದನು.

2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪರೀಕ್ಷೆಯ ಫಲವು ಪ್ರಕಟವಾಯಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ನಡೆಸಿದ್ದು. 21,104 ಜನ, ಅರ್ಧದಷ್ಟು ಜನ ಬೆಳಿಗ್ಗೆ ಆರರಿಂದ ಹತ್ತರೊಳಗೆ, ಉಳಿದರ್ಧ ರಾತ್ರಿ ಎಂಟರಿಂದ ಹನ್ನೆರಡರೊಳಗೆ ತಮ್ಮ ತಮ್ಮ ಗುಳಿಗೆಗಳನ್ನು ತೆಗೆದುಕೊಂಡರು. ಐದು ವರುಷಗಳಿಗೆ ಮೇಲ್ಪಟ್ಟು ನೋಡಿದಮೇಲೆ, ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಆಸ್ಪತ್ರೆ ಸೇರಿದವರು, ಇಲ್ಲವೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ತೀರಿಕೊಂಡವರು, ರಾತ್ರಿಯ ಪಾಲಿನಲ್ಲಿ ಶೇಕಡ 3.4, ಬೆಳಗಿನ ಪಾಲಿನಲ್ಲಿ ಶೇಕಡ 3.7. ಲೆಕ್ಕದ ದೃಷ್ಟಿಯಿಂದ ಇದು ವ್ಯತ್ಯಾಸವೇ ಅಲ್ಲ. ರಾತ್ರಿಯ ಪಾಲಿನವರು ಹೇಳಿದ ಹೊತ್ತನ್ನು ತಪ್ಪಿಸಿದ್ದು ಮಾತ್ರ ಹೆಚ್ಚು. ಬೆಳಗಿನ ಕಾಫಿಯಂಥ ಜ್ಞಾಪಕವು ರಾತ್ರಿಗೆಲ್ಲಿಂದ ಬರಬೇಕು? ಆ ಪರೀಕ್ಷೆಯಲ್ಲಿದ್ದವರು ಬಹುಮಟ್ಟಿಗೆ ಬಿಳಿಯ ಜನ, ನಮ್ಮವರ ಮಾತೇ ಬೇರೆ ಎನ್ನುವವರುಂಟು. ಆಕ್ಷೇಪಣೆಯು ನ್ಯಾಯವಾದುದೇ. ಆದರೆ 2025ರಲ್ಲಿ ಕೆನಡಾದಿಂದ ಬಂದ 3,357 ಜನರ ಪರೀಕ್ಷೆಯೂ ಹೊತ್ತಿನಿಂದ ಹೆಚ್ಚುಕಡಮೆಯಿಲ್ಲವೆಂದೇ ಹೇಳಿತು. ಅದೇ ವರುಷ ಚೀನಾದಲ್ಲಿ 720 ಜನರನ್ನು ಹನ್ನೆರಡು ವಾರ ನೋಡಿದವರು, ಮಲಗುವಾಗ ಕೊಟ್ಟರೆ ರಾತ್ರಿಯ ಒತ್ತಡವು ಸ್ವಲ್ಪ ಹೆಚ್ಚಾಗಿ ಇಳಿಯುವುದೆಂದು ಕಂಡರು. ನಮ್ಮಂತೆ ರಾತ್ರಿಯಲ್ಲಿ ಒತ್ತಡ ಇಳಿಯದ ಸ್ಥೂಲದೇಹಿಗೆ ಇದು ಉಪಯೋಗವಾದೀತೆಂದು ಕೆಲವು ವೈದ್ಯರು ಈಗಲೂ ರಾತ್ರಿ ಕೊಡುವುದುಂಟು. ಯಂತ್ರದ ಅಂಕವು ಇಳಿಯುವುದು ಒಂದು, ಆಯುಸ್ಸು ಬೆಳೆಯುವುದು ಇನ್ನೊಂದು. ಈ ಅಂತರವನ್ನು ಸ್ಪೇನಿನ ಸುದ್ದಿಯನ್ನು ಓದಿದ ದಿನ ನಾವು ತಿಳಿದಿರಲಿಲ್ಲ. ವಯಸ್ಸಾದ ಕೆಲವರಲ್ಲಿ ರಾತ್ರಿಯ ಒತ್ತಡವು ಮಿತಿಮೀರಿ ಇಳಿದರೆ ಕಣ್ಣಿನ ನರಕ್ಕೆ ಕೇಡೆಂದೂ ಹೇಳುತ್ತಾರೆ. ಆದಕಾರಣ ಈ ಲೇಖನವನ್ನು ಓದಿ ಯಾರೂ ತಮ್ಮ ಗುಳಿಗೆಯ ಹೊತ್ತನ್ನು ತಾವೇ ಬದಲಾಯಿಸಕೂಡದು. ಒಬ್ಬ ಲೇಖಕನ ಮುಂಗೈ ಮುರಿದದ್ದು ಸಾಕು.

ಡಂಡೀಯ ಸುದ್ದಿಯನ್ನು ವೈದ್ಯೆಯು ಹೇಳಿದ ದಿನ ಮನೆಗೆ ಬಂದು ಕುಳಿತಾಗ, ನಮ್ಮ ಮನೆಯಾಕೆ, "ಅಕ್ಕನಿಗೆ ಹೇಳಿಬನ್ನಿ" ಎಂದರು. ಫೋನಿನಲ್ಲಿ ಹೇಳುತ್ತೇವೆಂದೆವು. "ಅಂದಿದ್ದು ನಾಲ್ಕು ಜನರ ಮುಂದೆ, ಇದನ್ನು ಫೋನಿನಲ್ಲಿ ಹೇಳುವುದೇ?" ಎಂದರು. ಅದಕ್ಕೆ ಉತ್ತರವಿರಲಿಲ್ಲ. ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನಂಜನಗೂಡಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆವು. ಆ ಮನೆಯ ಮೆಟ್ಟಿಲು ಹತ್ತುವಾಗ ಎಲ್ಲವೂ ಮರೆತುಹೋಯಿತು.

ಅತ್ತಿಗೆಯವರು ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಪೀಠಿಕೆಯಿಲ್ಲದೆ, "ಅತ್ತಿಗೆ, ಅವತ್ತು ನಾನು ಅಣ್ಣನ ಗುಳಿಗೆಯ ವಿಷಯ ಹೇಳಿದ್ದು ತಪ್ಪು. ಬೆಳಿಗ್ಗೆ ಕೊಟ್ಟರೂ ರಾತ್ರಿ ಕೊಟ್ಟರೂ ಒಂದೇ ಅಂತೆ. ಇಪ್ಪತ್ತೊಂದು ಸಾವಿರ ಜನರನ್ನು ನೋಡಿ ಹೇಳಿದ್ದಾರೆ" ಎಂದುಬಿಟ್ಟೆವು. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದಮೇಲೆ, "ಇಪ್ಪತ್ತೊಂದು ಸಾವಿರವೇ?" ಎಂದರು. ಹೌದೆಂದೆವು. "ಅಷ್ಟು ಜನ ಬೇಕಾಯಿತೇನೋ" ಎಂದು ಸಣ್ಣಗೆ ನಕ್ಕರು.

ಆ ಮೇಲೆ ತಾವಾಗಿಯೇ ಹೇಳಿದರು: "ಅವತ್ತಿನಿಂದ ರಾತ್ರಿ ಹತ್ತು ಗಂಟೆ ಹೊಡೆದರೆ ಎದ್ದು ಕೂತುಕೊಳ್ಳುತ್ತಿದ್ದೆ. ಈ ಹೊತ್ತಿಗೆ ಕೊಡಬೇಕಾಗಿತ್ತು ಅನ್ನಿಸುತ್ತಿತ್ತು. ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ಹೋದವರ ಮೇಲೆ ದೂರು ಹೇಳಿದ ಹಾಗಾಗುತ್ತದೆ ಅಂತ. ನಿಮ್ಮಣ್ಣ ಭಾನುವಾರ ಗುಳಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಆರು ದಿನ ದುಡಿದ ಗುಳಿಗೆಗೂ ಒಂದು ದಿನ ರಜ ಬೇಡವೇ ಅನ್ನೋರು. ಮೈ ಹಗುರವಾಗಿದೆ ಅನ್ನಿಸಿದರೆ ಸೋಮವಾರವೂ ಇಲ್ಲ. ನಾನು ಮುಚ್ಚಳದಲ್ಲಿಟ್ಟದ್ದನ್ನು ಸಾಯಂಕಾಲ ಮತ್ತೆ ಡಬ್ಬಿಗೆ ಹಾಕುತ್ತಿದ್ದೆ. ಜಗಳ ಮಾಡಬೇಕಾಗಿತ್ತು, ಮಾಡಲಿಲ್ಲ."

ನಾವು ಅದಕ್ಕೇನು ಹೇಳುವುದು? ಆ ಗುಳಿಗೆಗಳನ್ನು ತಪ್ಪದೆ ನುಂಗಿದ್ದರೆ ಏನಾಗುತ್ತಿದ್ದಿತೆಂದು ಹೇಳಬಲ್ಲ ಪರೀಕ್ಷೆಯನ್ನು ಯಾವ ದೇಶದವರೂ ಮಾಡಲಾರರು. ಒಂದು ಸಲ ಮಾತಾಡಿ ಕೆಟ್ಟಿದ್ದೆವಾದ್ದರಿಂದ ಈ ಸಲ ಸುಮ್ಮನಿದ್ದು, ಅವರ ಮೊರದಿಂದ ಒಂದು ಹಿಡಿ ಅವರೆಕಾಯಿಯನ್ನು ತೆಗೆದುಕೊಂಡು ನಾವೂ ಬಿಡಿಸತೊಡಗಿದೆವು. ಮುರಿದು ಕೂಡಿದ ಮುಂಗೈಯಲ್ಲಿ ಆ ಕೆಲಸವು ನಿಧಾನ.

ಕಾಫಿ ಬಂದಿತು, ಸಕ್ಕರೆ ಕಡಿಮೆ. ಇತ್ತೀಚೆಗೆ ಎಷ್ಟು ಇಳಿದಿದ್ದೀಯೆ ಎಂದು ಕೇಳಿದರು. 9 ಕಿಲೋ ಎಂದೆವು. ಕಿಲೋಗೆ ಹೆಚ್ಚುಕಡಮೆ ಒಂದು ಮಿಲಿಮೀಟರಿನಂತೆ ಒತ್ತಡವೂ ಇಳಿಯುವುದೆಂದು ವೈದ್ಯೆಯು ಹೇಳಿದ್ದನ್ನು ಹೇಳಿದೆವು. ಅವರು ಲೋಟವನ್ನು ನಮ್ಮ ಕಡೆಗೆ ಸರಿಸಿ, "ಗುಳಿಗೆ ಈಗ ಯಾವ ಹೊತ್ತಿಗೆ?" ಎಂದರು.

"ಬೆಳಿಗ್ಗೆ. ಕಾಫಿಯ ಜೊತೆಗೆ."

"ಇವತ್ತು ತೆಗೆದುಕೊಂಡೆಯಾ?"

ರೈಲು ಹಿಡಿಯುವ ಅವಸರದಲ್ಲಿ ತೆಗೆದುಕೊಂಡಿರಲಿಲ್ಲ, ಜೇಬಿನಲ್ಲಿದ್ದುವು. ಅತ್ತಿಗೆಯವರು ಎದ್ದು ಒಳಕ್ಕೆ ಹೋಗಿ ಒಂದು ಲೋಟ ನೀರನ್ನು ತಂದು, ನಾವು ಎರಡನ್ನೂ ನುಂಗುವವರೆಗೆ ಎದುರಿಗೇ ನಿಂತಿದ್ದರು.

"ಭಾನುವಾರ?" ಎಂದು ಕೇಳಿದರು.

"ಭಾನುವಾರವೂ" ಎಂದೆವು.